ಫೇಸ್ ಅವರದು, ನ್ಯೂಟ್ರಲ್ ನಮ್ಮದು: ಪುಣೆಯಲ್ಲಿ ಕರೆಂಟ್ ಬಿಲ್ ಏರಿದಾಗ ಎಲ್ಲೆಲ್ಲಿ ನೋಡಬೇಕು

2025ರ ಜನವರಿಯಲ್ಲಿ ನಮ್ಮ ಮನೆ ಬಿಲ್ 140 ಯೂನಿಟ್ ಬಂದಿತ್ತು. ಫೆಬ್ರವರಿಯಲ್ಲಿ 210. ಎಸಿ ಇಲ್ಲ, ಫ್ಯಾನ್ ಕೂಡ ಇನ್ನೂ ಶುರುವಾಗಿರಲಿಲ್ಲ. ನೆಂಟರು ಬಂದಿರಲಿಲ್ಲ, ಹೊಸ ಸಾಮಾನು ತಂದಿರಲಿಲ್ಲ. ಇಷ್ಟಾದರೂ ಬಿಲ್ ಮಾತ್ರ ಸಾವಿರ ರೂಪಾಯಿಯ ಹತ್ತಿರ ಹತ್ತಿರ ಜಾಸ್ತಿ.

ನಾವು ಧಾರವಾಡದವರು. ಪುಣೆಯ ಕೊಥ್ರೂಡ್‌ನಲ್ಲಿ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಊರಿನಿಂದ ಹೊಸದಾಗಿ ಬಂದವರು ಮೊದಲ ಬಿಲ್ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಇಷ್ಟ್ಯಾಕೆ ಬಂತು?" ಎಂದು ಕೇಳುತ್ತಾರೆ. ಎಷ್ಟೋ ಸಲ ಅಲ್ಲಿ ದೋಷವೇ ಇರುವುದಿಲ್ಲ, ದರವೇ ಹಾಗಿರುತ್ತದೆ. ಕೆಲವು ಸಲ ನಿಜವಾಗಿ ದೋಷ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಎಂದು ನಮ್ಮ ಮನೆಯ ಬಿಲ್ ನನಗೆ ಕಲಿಸಿತು. ನಾನು ಹುಡುಕಿದ ಸಾಲಿನಲ್ಲೇ ಹೇಳುತ್ತೇನೆ. ದುಡ್ಡಿನ ಮೊತ್ತ ನೋಡಿ ಗಾಬರಿಯಾಗುವ ಮೊದಲು ಯೂನಿಟ್ ನೋಡಿ, ಯೂನಿಟ್‌ಗೂ ಮೊದಲು ದಿನ ನೋಡಿ.

ಮೊದಲು ಬಿಲ್ ಓದುವುದು

ಪುಣೆಯಲ್ಲಿ ಕರೆಂಟ್ ಕೊಡುವುದು ಮಹಾವಿತರಣ. ಮುಂಬೈಗೆ ಹೋದರೆ ನಿಮ್ಮ ಏರಿಯಾ ಯಾವುದು ಎನ್ನುವುದರ ಮೇಲೆ ಕಂಪನಿ ಬದಲಾಗುತ್ತದೆ. ಕೊಲಾಬಾದಿಂದ ಮಾಹಿಮ್, ಸಯನ್‌ವರೆಗೆ 'ಬೆಸ್ಟ್' (BEST) ಎಂಬ ಸಂಸ್ಥೆ. ಉಪನಗರಗಳಲ್ಲಿ ಹೆಚ್ಚಾಗಿ ಅದಾನಿ ಅಥವಾ ಟಾಟಾ. ಭಾಂಡುಪ್, ಮುಲುಂಡ್ ಕಡೆ ಮತ್ತೆ ಮಹಾವಿತರಣ. ಇವರೆಲ್ಲರ ದರ ಬೇರೆ ಬೇರೆ. ಹಾಗಾಗಿ ಮುಂಬೈಯ ಗೆಳೆಯರ ಬಿಲ್ ಇಟ್ಟುಕೊಂಡು ಪುಣೆಯ ಬಿಲ್ ಅಳೆಯಬೇಡಿ.

ಬಿಲ್ಲಿನ ಮರಾಠಿ ನಮಗೆ ಅರ್ಧ ಅರ್ಥವಾಗುತ್ತದೆ. ತಪ್ಪು ತಿಳಿಯುವುದು ಅಲ್ಲೇ. ಅಲ್ಲಿ 'ಆಕಾರ' ಎಂದರೆ ನಮ್ಮ ಆಕಾರ ಅಲ್ಲ, ಶುಲ್ಕ. 'ಸ್ಥಿರ ಆಕಾರ' ಎಂದರೆ ಬಳಸಿದರೂ ಬಿಟ್ಟರೂ ಕಟ್ಟಲೇಬೇಕಾದ ತಿಂಗಳ ಶುಲ್ಕ. 'ವೀಜ ಆಕಾರ' ಎಂದರೆ ಬಳಸಿದ ಯೂನಿಟ್‌ನ ದುಡ್ಡು. 'ವಹನ ಆಕಾರ' ಎಂದರೆ ಆ ಕರೆಂಟನ್ನು ತಂತಿಯ ಮೇಲೆ ನಿಮ್ಮ ಮನೆವರೆಗೆ ತಂದ ಬಾಡಿಗೆ, ಅದನ್ನೂ ಯೂನಿಟ್ ಲೆಕ್ಕದಲ್ಲೇ ಹಾಕುತ್ತಾರೆ. 'ಇಂಧನ ಸಮಾಯೋಜನ ಆಕಾರ' ಎಂದರೆ ಇಂಧನದ ಖರ್ಚಿಗೆ ತಕ್ಕಂತೆ ಹಾಕುವ ಶುಲ್ಕ, ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. 'ವೀಜ ಶುಲ್ಕ' ಸರ್ಕಾರದ ತೆರಿಗೆ, ಮನೆಗಳಿಗೆ ನೂರಕ್ಕೆ 16. ನಮ್ಮ ಕಡೆ ಅದು ನೂರಕ್ಕೆ 9. 'ಥಕಬಾಕಿ' ಹಳೇ ಬಾಕಿ.

ಥಕಬಾಕಿಯ ಸಾಲನ್ನು ಮರೆಯದೆ ನೋಡಿ. ಹಿಂದಿನ ಬಾಡಿಗೆಯವರು ಕಟ್ಟದೆ ಹೋದ ದುಡ್ಡು ಅಲ್ಲೇ ಕೂತಿರುತ್ತದೆ. ಮನೆ ಹಿಡಿಯುವಾಗ ಕೊನೆಯ ಬಿಲ್ ಮತ್ತು ಅದು ಕಟ್ಟಿದ ರಸೀದಿ ಎರಡನ್ನೂ ಮಾಲೀಕರಿಂದ ಕೇಳಿ ಪಡೆಯಿರಿ. ಇನ್ನೊಂದು, 'ಸುರಕ್ಷಾ ಠೇವ್', ಅಂದರೆ ಡಿಪಾಸಿಟ್. ವರ್ಷಕ್ಕೊಮ್ಮೆ ನಿಮ್ಮ ಬಳಕೆಯ ಸರಾಸರಿ ನೋಡಿ ಡಿಪಾಸಿಟ್ ಕಡಿಮೆಯಾಗಿದ್ದರೆ ಉಳಿದದ್ದನ್ನು ಬೇರೆ ಬಿಲ್ ಹಾಕಿ ಕೇಳುತ್ತಾರೆ. ಅದು ಮೀಟರ್ ಇರುವವರ ಹೆಸರಿನಲ್ಲಿ ಉಳಿಯುವ ದುಡ್ಡು, ಅದಕ್ಕೆ ಬಡ್ಡಿಯೂ ಬರುತ್ತದೆ. ಹಾಗಾಗಿ ಅದನ್ನು ಮಾಲೀಕರು ಕಟ್ಟುವುದು ನ್ಯಾಯ. ಎಷ್ಟೋ ಬಾಡಿಗೆಯವರು ಗೊತ್ತಿಲ್ಲದೆ ಸುಮ್ನೆ ಕಟ್ಟಿಬಿಡುತ್ತಾರೆ.

ಈಗ ದಿನ ಮತ್ತು ರೀಡಿಂಗ್. 'ಮಾಗೀಲ ರೀಡಿಂಗ್' ಹಿಂದಿನದು, 'ಚಾಲೂ ರೀಡಿಂಗ್' ಈಗಿನದು. ಎರಡರ ನಡುವೆ ಎಷ್ಟು ದಿನ ಆಗಿದೆ ಎಂದು ಎಣಿಸಿ. 35 ದಿನದ ಬಿಲ್ಲನ್ನು 28 ದಿನದ ಬಿಲ್ ಪಕ್ಕ ಇಟ್ಟರೆ ದೋಷ ಇಲ್ಲದ ಕಡೆ ದೋಷ ಕಾಣುತ್ತದೆ. ಯೂನಿಟ್‌ನ್ನು ದಿನದಿಂದ ಭಾಗಿಸಿ, ದಿನಕ್ಕೆ ಎಷ್ಟು ಎಂದು ನೋಡಿ. 'ಗುಣಕ ಅವಯವ', ಅಂದರೆ ರೀಡಿಂಗ್ ಅಂತರವನ್ನು ಗುಣಿಸುವ ಅಂಕಿಯ ಜಾಗದಲ್ಲಿ, ಮನೆ ಮೀಟರ್‌ಗೆ 1 ಇರಬೇಕು. ಆಮೇಲೆ ಕೆಳಗಿಳಿದು ಮೀಟರ್ ನೋಡಿ. ಇವತ್ತಿನ ಅಂಕಿ ಬಿಲ್ಲಿನ ಚಾಲೂ ರೀಡಿಂಗ್‌ಗಿಂತ ಹೆಚ್ಚಿರಬೇಕು. ಕಡಿಮೆ ಇದ್ದರೆ ರೀಡಿಂಗ್ ತಪ್ಪಾಗಿದೆ ಅಥವಾ ಅದು ನಿಮ್ಮ ಮೀಟರ್ ಅಲ್ಲ. ಮೀಟರ್ ಮೇಲಿನ ನಂಬರನ್ನೂ ಬಿಲ್ಲಿನ ನಂಬರನ್ನೂ ಅಂಕಿ ಅಂಕಿ ತಾಳೆ ಹಾಕಿ. ಪೆಟ್ಟಿಗೆ ಮೇಲೆ ಪೇಂಟಿನಲ್ಲಿ ಬರೆದ ಫ್ಲ್ಯಾಟ್ ನಂಬರನ್ನು ನಂಬಬೇಡಿ. ಬಣ್ಣ ಬಳಿದಾಗ ಅದು ಅದಲುಬದಲಾಗುವುದು ಸಾಮಾನ್ಯ.

ನಮ್ಮ ಬಿಲ್ಲಿನಲ್ಲಿ 31 ದಿನ ಇತ್ತು. ನಂಬರ್ ಸರಿ, ರೀಡಿಂಗ್ ಸರಿ.

ರೀಡಿಂಗ್ ಇಲ್ಲದ ಬಿಲ್

ಚಾಲೂ ರೀಡಿಂಗ್ ಜಾಗದಲ್ಲಿ ಅಂಕಿಯ ಬದಲು ಲಾಕ್, ಫಾಲ್ಟಿ ಎಂಬಂಥ ಮಾತಿದ್ದರೆ ನಿಮಗೆ ಬಂದಿರುವುದು ಸರಾಸರಿ ಬಿಲ್. ರಜೆಗೆ ಊರಿಗೆ ಹೋದವರಿಗೆ, ಮೀಟರ್ ಮನೆಯೊಳಗೇ ಇರುವವರಿಗೆ ಇದು ಜಾಸ್ತಿ. 2020ರಲ್ಲಿ ಇಡೀ ಮಹಾರಾಷ್ಟ್ರ ಇದನ್ನು ಕಂಡಿತು. ಲಾಕ್‌ಡೌನ್‌ಗಾಗಿ ಮಾರ್ಚ್ ಕೊನೆಯಲ್ಲಿ ರೀಡಿಂಗ್ ನಿಂತಿತು. ಚಳಿಗಾಲದ ಸರಾಸರಿ ಹಿಡಿದು ಬಿಲ್ ಬಂತು. ಜನ ಬೇಸಿಗೆಯಿಡೀ ಮನೆಯಲ್ಲೇ ಇದ್ದರು. ಜೂನ್‌ನಲ್ಲಿ ನಿಜವಾದ ರೀಡಿಂಗ್ ತೆಗೆದಾಗ ಬಿಟ್ಟುಹೋಗಿದ್ದ ಯೂನಿಟ್‌ಗಳೆಲ್ಲ ಒಂದೇ ಬಿಲ್ಲಿನಲ್ಲಿ ಬಂದವು.

ಇಂಥ ಕಡೆ ಒಂದೇ ಪ್ರಶ್ನೆ ಕೇಳಬೇಕು. ಅಷ್ಟೂ ಯೂನಿಟ್‌ಗಳನ್ನು ತಿಂಗಳವಾರು ಹಂಚಿ ಸ್ಲ್ಯಾಬ್ (ಮೆಟ್ಟಿಲು ಮೆಟ್ಟಿಲಾಗಿ ಏರುವ ದರ) ಹಾಕಿದ್ದಾರಾ? ಮೂರು ತಿಂಗಳಿಗೆ 450 ಯೂನಿಟ್ ಅಂದುಕೊಳ್ಳಿ. ತಿಂಗಳಿಗೆ 150ರಂತೆ ಹಂಚಿದರೆ ಒಂದು ಲೆಕ್ಕ, ಒಂದೇ ತಿಂಗಳಿಗೆ 450 ಎಂದು ಹಿಡಿದರೆ ಇನ್ನೊಂದು. 2024–25ರ ದರದಲ್ಲಿ, ತೆರಿಗೆ ಸೇರಿಸಿ, ಎರಡರ ನಡುವಿನ ಅಂತರ 2,036 ರೂಪಾಯಿ. ಈ ಅಂತರ ಎಲ್ಲಿಂದ ಬಂತು ಎಂದು ತಿಳಿಯಲು ಸ್ಲ್ಯಾಬ್ ಅರ್ಥವಾಗಬೇಕು.

ಸ್ಲ್ಯಾಬ್ ಮೆಟ್ಟಿಲು

2024–25ರಲ್ಲಿ ಮಹಾವಿತರಣದ ಮನೆ ದರ ಹೀಗಿತ್ತು. ವೀಜ ಆಕಾರ ಮತ್ತು ವಹನ ಆಕಾರ ಸೇರಿಸಿ ಮೊದಲ 100 ಯೂನಿಟ್‌ಗೆ ತಲಾ 5.88 ರೂಪಾಯಿ. 101ರಿಂದ 300ರವರೆಗೆ 11.46. 301ರಿಂದ 500ರವರೆಗೆ 15.72. ಅದರಾಚೆ 17.81. ದರವನ್ನು ವಿದ್ಯುತ್ ನಿಯಂತ್ರಣ ಆಯೋಗ ಆಗಾಗ ಬದಲಿಸುತ್ತದೆ. ಹಾಗಾಗಿ ನಿಮ್ಮ ಲೆಕ್ಕಕ್ಕೆ ನಿಮ್ಮ ತಿಂಗಳ ದರಪಟ್ಟಿಯನ್ನೇ ಹಿಡಿಯಿರಿ. ಆದರೆ ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಕಾಲಿಟ್ಟಾಗ ದರ ಹೆಚ್ಚುಕಡಿಮೆ ಇಮ್ಮಡಿ ಆಗಿದ್ದನ್ನು ಗಮನಿಸಿ.

ಕರ್ನಾಟಕದಿಂದ ಬಂದವರ ತಲೆಯಲ್ಲಿ ಒಂದು ಭಯ ಇರುತ್ತದೆ. ಅದು ಗೃಹಜ್ಯೋತಿಯಿಂದ ಬಂದದ್ದು. 2023ರಿಂದ ಅಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಒಂದು ಯೂನಿಟ್ ಜಾಸ್ತಿಯಾದರೂ ಸೌಲಭ್ಯ ಹೋಯಿತು. ಹಾಗಾಗಿ ಇಲ್ಲಿಯೂ 300 ದಾಟಿದರೆ ಎಲ್ಲ ಯೂನಿಟ್‌ಗೂ ದುಬಾರಿ ದರ ಬೀಳುತ್ತದೆ ಎಂದು ಅಂದುಕೊಳ್ಳುತ್ತಾರೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ತಿಂಗಳ ಕೊನೆಯ ಎರಡು ದಿನ ಫ್ರಿಜ್ ಬಂದ್ ಮಾಡುತ್ತಿದ್ದರು. ಇಲ್ಲಿ ಹಾಗಿಲ್ಲ. 301ನೇ ಯೂನಿಟ್‌ಗೆ ಮಾತ್ರ, ಆಗಿನ ದರದಲ್ಲಿ, 15.72, ತೆರಿಗೆ ಸೇರಿ ಸುಮಾರು 18 ರೂಪಾಯಿ. ಹಿಂದಿನ 300ರ ದರ ಹಾಗೇ ಉಳಿಯುತ್ತದೆ. ಹಾಲು ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

ಆದರೆ ಈ ಮೆಟ್ಟಿಲಿಗೆ ಇನ್ನೊಂದು ಗುಣ ಇದೆ. ದೋಷ ಹುಡುಕುವವರಿಗೆ ಮುಖ್ಯವಾದದ್ದು ಅದೇ. ಎಲ್ಲೇ ಕರೆಂಟ್ ಸೋರಿದರೂ ಆ ಯೂನಿಟ್ ನಿಮ್ಮ ಬಳಕೆಯ ಮೇಲೆ ಬಂದು ಕೂರುತ್ತದೆ. ಅಂದರೆ ಅದಕ್ಕೆ ಬೀಳುವುದು ನಿಮ್ಮ ಮೇಲಿನ ಮೆಟ್ಟಿಲ ದರ. ನಮ್ಮ ಲೆಕ್ಕವನ್ನೇ ನೋಡಿ. 140 ಯೂನಿಟ್‌ಗೆ ಮೊದಲ ನೂರರದ್ದು 588, ಉಳಿದ ನಲವತ್ತರದ್ದು 458 ರೂಪಾಯಿ 40 ಪೈಸೆ. ಸ್ಥಿರ ಆಕಾರ 128 ಸೇರಿಸಿ, ಮೇಲೆ 16 ಪರ್ಸೆಂಟ್ ತೆರಿಗೆ. ಒಟ್ಟು 1,362. ಇಂಧನ ಶುಲ್ಕ ಇದರಲ್ಲಿ ಹಿಡಿದಿಲ್ಲ. 210 ಯೂನಿಟ್‌ಗೆ ಇದೇ ಲೆಕ್ಕದಲ್ಲಿ 2,293. ಯೂನಿಟ್ ಒಂದೂವರೆ ಪಟ್ಟು ಆಯಿತು, ದುಡ್ಡು ಅದಕ್ಕಿಂತ ಜೋರಾಗಿ ಏರಿತು. ಜಾಸ್ತಿಯಾದ 70 ಯೂನಿಟ್‌ನಲ್ಲಿ ಒಂದೊಂದಕ್ಕೂ 13 ರೂಪಾಯಿ 29 ಪೈಸೆ.

ಹೀಗೆ ಲೆಕ್ಕ ಮಾಡಿದ ಮೇಲೆ ಒಂದು ವಿಷಯ ಗಟ್ಟಿಯಾಯಿತು. ಬಿಲ್ ಸರಿಯಾಗಿಯೇ ಇದೆ. ಮೀಟರ್ 210 ತೋರಿಸಿದೆ, ಬಿಲ್ಲಿನಲ್ಲಿ 210 ಇದೆ, ದರ ಸರಿ, ಕೂಡಿಸಿದ್ದೂ ಸರಿ. ಹಾಗಾದರೆ ಆ 70 ಯೂನಿಟ್ ಯಾರು ಬಳಸಿದರು?

ಕೆಂಪು ದೀಪ ಎಣಿಸುವುದು

ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಥವಾ ಅಂಥದ್ದೇ ಒಂದು ಅಂಕಿ ಬರೆದಿರುತ್ತದೆ. 3200 ಸಲ ಮಿಟುಕಿದರೆ ಒಂದು ಯೂನಿಟ್ ಎಂದರ್ಥ. ಈ ದೀಪ ಒಂದಿದ್ದರೆ ಸಾಕು, ಮನೆಯಲ್ಲಿ ಈಗ ಎಷ್ಟು ಕರೆಂಟ್ ಓಡುತ್ತಿದೆ ಎಂದು ನೀವೇ ಅಳೆಯಬಹುದು. ಒಂದು ನಿಮಿಷ ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿ. ಬರುವುದು ಕಿಲೋವ್ಯಾಟ್. ನಿಮಿಷಕ್ಕೆ 16 ಸಲ ಮಿಟುಕಿದರೆ 0.3, ಅಂದರೆ 300 ವ್ಯಾಟ್. ಫ್ರಿಜ್, ಎರಡು ಫ್ಯಾನ್, ದೀಪ ಇದ್ದರೆ ಅಷ್ಟು ಬರುವುದು ಸಹಜ.

ಫೆಬ್ರವರಿ ಕೊನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮನೆಯ ಎಂಸಿಬಿಗಳನ್ನೆಲ್ಲ, ಅಂದರೆ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸಣ್ಣ ಸ್ವಿಚ್‌ಗಳನ್ನೆಲ್ಲ, ಇಳಿಸಿದೆ. ಮೇನ್ ಮಾತ್ರ ಹಾಗೇ ಇಟ್ಟೆ. ಕೆಳಗಿನ ಮೀಟರ್ ಕೋಣೆಯಲ್ಲಿ ಹತ್ತು ನಿಮಿಷ ನಿಂತೆ. ದೀಪ ಮಿಟುಕಲೇ ಇಲ್ಲ. ವೈರಿಂಗ್ ಸರಿಯಿದೆ, ನಾವೇ ಎಲ್ಲೋ ಜಾಸ್ತಿ ಬಳಸಿದ್ದೇವೆ ಎಂದು ತೀರ್ಮಾನ ಮಾಡಿದೆ. ಅದು ತಪ್ಪು ತೀರ್ಮಾನ. ಮಾರ್ಚ್ ಬಿಲ್ ಬಂದಾಗ ಮತ್ತೆ 212. ದಿನವಿಡೀ ಇರದ ದೋಷವನ್ನು ಒಂದೇ ಹೊತ್ತಿನಲ್ಲಿ ನೋಡಿದರೆ ಸಿಗುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ನೋಡಬೇಕು.

ಎರಡನೇ ಸಲ ಬೆಳಿಗ್ಗೆ ಆರೂವರೆಗೆ ಇಳಿದೆ. ಮನೆಯಲ್ಲಿ ಎಲ್ಲ ಎಂಸಿಬಿ ಕೆಳಗೆ. ಫ್ರಿಜ್ ಕೂಡ ಬಂದ್. ಮೀಟರ್ ಕೋಣೆ ಕತ್ತಲಾಗಿತ್ತು. ಸಾಲಾಗಿ ಹನ್ನೆರಡು ಮೀಟರ್, ನಮ್ಮದು ಮೇಲಿನ ಸಾಲಿನಲ್ಲಿ ಮೂರನೆಯದು. ಅದರ ಕೆಂಪು ದೀಪ ಬಡಬಡ ಹೊಡೆದುಕೊಳ್ಳುತ್ತಿತ್ತು. ಕಣ್ಣಿನಲ್ಲಿ ಎಣಿಸಲು ಆಗಲಿಲ್ಲ. ಮೊಬೈಲ್‌ನಲ್ಲಿ ಒಂದು ನಿಮಿಷ ವಿಡಿಯೋ ತೆಗೆದು, ನಿಧಾನವಾಗಿ ಓಡಿಸಿ ಎಣಿಸಿದೆ. 107. ಲೆಕ್ಕ ಹಾಕಿದರೆ ಸರಿಯಾಗಿ 2 ಕಿಲೋವ್ಯಾಟ್. ಎಲ್ಲ ಬಂದ್ ಇರುವ ಮನೆಯಲ್ಲಿ ಒಂದು ಗೀಸರ್‌ನಷ್ಟು ಕರೆಂಟ್ ಓಡುತ್ತಿತ್ತು. ಪಕ್ಕದಲ್ಲಿ 'ಅರ್ಥ್' ಎಂದು ಬರೆದಿರುವ ಇನ್ನೊಂದು ಸಣ್ಣ ದೀಪವೂ ಉರಿಯುತ್ತಿತ್ತು. ಮಧ್ಯಾಹ್ನ ನೋಡಿದಾಗ ಅದು ಆರಿತ್ತು.

ಆ ದೀಪ ಉರಿದರೆ ಅದರ ಅರ್ಥ, ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇಲ್ಲ. ಫೇಸ್ ವೈರಿನಲ್ಲಿ ಒಳಗೆ ಹೋದಷ್ಟೇ ನ್ಯೂಟ್ರಲ್‌ನಲ್ಲಿ ಹೊರಗೆ ಬರಬೇಕು, ಅಲ್ವಾ? ನಮ್ಮ ಮನೆ ಮೀಟರ್‌ಗಳಲ್ಲಿ ಹೆಚ್ಚಿನವು ಎರಡೂ ವೈರನ್ನು ಅಳೆಯುತ್ತವೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಬರೆದುಕೊಳ್ಳುತ್ತವೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಇದು. ಆದರೆ ಬೇರೆಯವರ ಕರೆಂಟ್ ನಮ್ಮ ನ್ಯೂಟ್ರಲ್ ಹಿಡಿದು ವಾಪಸ್ ಹೋದರೆ ಅದನ್ನೂ ನಮ್ಮ ಲೆಕ್ಕಕ್ಕೇ ಸೇರಿಸುತ್ತದೆ.

ಮೇನ್ ಇಳಿಸಿದಾಗ

ಮೇಲೆ ಬಂದು ಮೇನ್ ಸ್ವಿಚ್ ಇಳಿಸಿದೆ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್. ಅರ್ಧ ನಿಮಿಷದಲ್ಲಿ ಪಕ್ಕದ ಫ್ಲ್ಯಾಟಿನ ಬಾಗಿಲು ತೆರೆಯಿತು. ಅಲ್ಲಿರುವ ಕಾಕು, ಅಂದರೆ ಆಂಟಿ, ಹೊರಗೆ ಬಂದು ಕೇಳಿದರು, "ಅಹೋ, ತುಮ್ಚೀ ಲೈಟ್ ಗೇಲೀ ಕಾ? ಆಮ್ಚಾ ಗೀಸರ್ ಬಂದ್ ಝಾಲಾ." ಅಂದರೆ, ನಿಮ್ಮ ಕರೆಂಟ್ ಹೋಯಿತಾ, ನಮ್ಮ ಗೀಸರ್ ಬಂದ್ ಆಯಿತು.

ಅವರ ಮನೆಯ ದೀಪ ಉರಿಯುತ್ತಿತ್ತು. ಫ್ಯಾನ್ ತಿರುಗುತ್ತಿತ್ತು. ಗೀಸರ್ ಒಂದೇ ಬಂದ್. ನಾನು ಮೇನ್ ಏರಿಸಿದೆ, ಗೀಸರ್ ಶುರುವಾಯಿತು.

ಅಲ್ಲಿಗೆ ನಾನು ಕೈ ತೆಗೆದೆ. ನೀವೂ ಅಷ್ಟಕ್ಕೇ ನಿಲ್ಲಿಸಬೇಕು ಎಂದು ಕೈಮುಗಿದು ಕೇಳುತ್ತೇನೆ. ಇಂಥ ದೋಷ ಇರುವ ಮನೆಯಲ್ಲಿ ಮೇನ್ ಇಳಿಸಿದರೂ ಬೋರ್ಡಿನೊಳಗಿನ ನ್ಯೂಟ್ರಲ್ ವೈರಿಗೆ ಪಕ್ಕದ ಮನೆಯ ಗೀಸರ್ ಕಡೆಯಿಂದ 230 ವೋಲ್ಟ್ ಬಂದು ನಿಂತಿರುತ್ತದೆ. ಮೇನ್ ಬಂದ್ ಇದೆ ಎಂದು ಕಪ್ಪು ವೈರ್ ಮುಟ್ಟಿದರೆ ಪ್ರಾಣಕ್ಕೆ ಅಪಾಯ. ಲೈಸೆನ್ಸ್ ಇರುವ ವೈರ್‌ಮನ್‌ನೇ ಕರೆಸಿ, ಪಕ್ಕದ ಮನೆಯಲ್ಲೂ ಏನಾಗುತ್ತಿದೆ ಎಂದು ಅವರಿಗೆ ಮೊದಲೇ ಹೇಳಿ.

ನಮಗೆ ಸಿಕ್ಕಿದ್ದು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ವೈರ್‌ಮನ್, ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ಕಾಕುಗೆ ಗೀಸರ್ ಹಾಕಲು ಹೇಳಿ, ನಮ್ಮ ಮೀಟರ್‌ನಿಂದ ಬರುವ ಎರಡೂ ವೈರನ್ನು ಒಟ್ಟಿಗೆ ಕ್ಲ್ಯಾಂಪ್ ಮೀಟರ್‌ನ (ವೈರ್ ಕಡಿಯದೆ ಕರೆಂಟ್ ಅಳೆಯುವ ಇಕ್ಕಳದಂಥ ಸಾಧನ) ಬಾಯಿಯೊಳಗೆ ಹಿಡಿದರು. ಸರಿಯಿರುವ ಮನೆಯಲ್ಲಿ ಹೋದದ್ದೂ ಬಂದದ್ದೂ ಸಮ ಇರುವುದರಿಂದ ಅದು ಸೊನ್ನೆ ತೋರಿಸಬೇಕು. ತೋರಿಸಿದ್ದು 8.7 ಆಂಪ್ಸ್. 230 ವೋಲ್ಟ್‌ಗೆ ಗುಣಿಸಿದರೆ ಅದೇ 2 ಕಿಲೋವ್ಯಾಟ್. ನನ್ನ ಕಡೆ ತಿರುಗಿ ಹೇಳಿದರು, "ಸಾಹೇಬ್ರ, ಮೀಟರ್ ಸುಳ್ಳ ಹೇಳಾಕತ್ತಿಲ್ರಿ. ಫೇಸ್ ಅವರದು, ನ್ಯೂಟ್ರಲ್ ನಿಮ್ದು. ಹಿಂಗಾದ್ರ ಎರಡೂ ಮನಿ ಮೀಟರ್ ಓಡ್ತಾವ."

ಕಾರಣ ಆಮೇಲೆ ಬಿಚ್ಚಿಕೊಂಡಿತು. ನಮ್ಮ ಫ್ಲ್ಯಾಟೂ ಕಾಕುವಿನದೂ ಮೊದಲು ಒಂದೇ ಮನೆ. ಆಮೇಲೆ ನಡುವೆ ಗೋಡೆ ಕಟ್ಟಿದ್ದಾರೆ. ಗೋಡೆಯೊಳಗಿನ ಒಂದು ಹಳೇ ಜಂಕ್ಷನ್ ಬಾಕ್ಸ್ ಇಬ್ಬರಿಗೂ ಉಳಿದುಕೊಂಡಿತ್ತು. ಜನವರಿಯಲ್ಲಿ ಕಾಕು ಬಚ್ಚಲು ಹೊಸದು ಮಾಡಿಸಿದರು. ಕೆಲಸಕ್ಕೆ ಬಂದವರು ಗೀಸರ್‌ಗೆ ಫೇಸ್‌ನ್ನು ಅವರ ಬೋರ್ಡಿನಿಂದ ಎಳೆದು, ನ್ಯೂಟ್ರಲ್‌ನ್ನು ಕೈಗೆ ಸಿಕ್ಕ ಆ ಬಾಕ್ಸಿನಿಂದ ಕೊಟ್ಟಿದ್ದರು. ಗೀಸರ್ ಬಿಸಿಯಾಯಿತು, ಕೆಲಸ ಮುಗಿಯಿತು. ದಿನಕ್ಕೆ ಒಂದು ಗಂಟೆ ಹತ್ತು ನಿಮಿಷ ಓಡಿದರೆ ತಿಂಗಳಿಗೆ 70 ಯೂನಿಟ್. ಅದೇ 70ಕ್ಕೆ ಕಾಕುವೂ ದುಡ್ಡು ಕಟ್ಟುತ್ತಿದ್ದರು, ನಾವೂ ಕಟ್ಟುತ್ತಿದ್ದೆವು.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಬಿಲ್ ಜಾಸ್ತಿ ಬಂದಾಗ ನಮ್ಮ ಮನೆಯಲ್ಲಿ ಬಂದ ಮೊದಲ ಮಾತೇ, ಯಾರೋ ನಮ್ಮ ಕರೆಂಟ್ ಕದಿಯುತ್ತಿದ್ದಾರೆ ಎಂಬುದು. ಆ ಮಾತು ಜಿನಾದಲ್ಲಿ, ಅಂದರೆ ನಮ್ಮ ಮೆಟ್ಟಿಲಲ್ಲಿ, ಜೋರಾಗಿ ಆಡಿದ್ದರೆ ಆರು ವರ್ಷದ ನೆರೆಹೊರೆ ಮುರಿದುಹೋಗುತ್ತಿತ್ತು. ಭಾಷೆ ಬೇರೆಯಾದ ಊರಿನಲ್ಲಿ ಅಂಥ ಮಾತು ಬೇಗ ಬೆಳೆಯುತ್ತದೆ. ಕಾಕು ಒಂದು ಪೈಸೆಯ ಕರೆಂಟೂ ಪುಕ್ಕಟೆ ಬಳಸಿರಲಿಲ್ಲ.

ದುಡ್ಡು ಮತ್ತು ದೂರು

ನಮ್ಮ ದುಡ್ಡು ವಾಪಸ್ ಬರುವಂತಿರಲಿಲ್ಲ. ಮೀಟರ್ ಮೂಲಕ ಹೋದದ್ದನ್ನೇ ಅದು ಬರೆದಿತ್ತು, ತಪ್ಪು ಗೋಡೆಯೊಳಗಿತ್ತು. ಕಾಕು ಅರ್ಧ ಕೊಡುತ್ತೇನೆ ಎಂದು ಬಂದರು, ನಾವು ತೆಗೆದುಕೊಳ್ಳಲಿಲ್ಲ.

ಆದರೆ ನಿಮ್ಮ ತಪಾಸಣೆಯಲ್ಲಿ ರೀಡಿಂಗ್ ತಪ್ಪು, ಮೀಟರ್ ಅದಲುಬದಲು, ಸ್ಲ್ಯಾಬ್ ಹಂಚದ ಬಿಲ್ ಸಿಕ್ಕಿದರೆ ಬಾಯಿಮಾತಿನಲ್ಲಿ ಬಿಡಬೇಡಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆಯಿರಿ. ಬರೆದ ಅರ್ಜಿಯ ಜೊತೆ ಮೀಟರಿನ ಫೋಟೋ ಇಟ್ಟು ಮಹಾವಿತರಣದ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಗ್ರಾಹಕರ ದೂರು ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಲೋಕಪಾಲ್. ಈ ನಡುವೆ ಕರೆಂಟ್ ಕಡಿಯುತ್ತಾರೆ ಎಂದು ಹೆದರಬೇಡಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ ಕಡಿಯುವ ಮೊದಲು ಬರವಣಿಗೆಯಲ್ಲಿ 15 ದಿನದ ನೋಟಿಸ್ ಕೊಡಬೇಕು. ತಕರಾರು ಇರುವ ಬಿಲ್ಲಿನ ಮೊತ್ತವನ್ನು, ಅಥವಾ ಹಿಂದಿನ ಆರು ತಿಂಗಳ ಸರಾಸರಿಯನ್ನು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು 'ತಕರಾರು ಇಟ್ಟುಕೊಂಡು ಕಟ್ಟುತ್ತಿದ್ದೇನೆ' ಎಂದು ಬರೆದು ಕಟ್ಟಿದರೆ ತೀರ್ಮಾನ ಆಗುವವರೆಗೆ ಕಡಿಯುವಂತಿಲ್ಲ. ಏನೂ ಕಟ್ಟದೆ ಕೂತರೆ ಮಾತ್ರ ತಡದ ದಂಡ ಬೀಳುತ್ತದೆ, ಅದು ನೂರಕ್ಕೆ 1.25ರಿಂದ ಶುರು.

ವೈರ್‌ಮನ್ ಆ ಜಂಕ್ಷನ್ ಬಾಕ್ಸ್ ಮುಚ್ಚಿ, ಕಾಕುವಿನ ಗೀಸರ್‌ಗೆ ಅವರದೇ ನ್ಯೂಟ್ರಲ್ ಎಳೆದರು. ಹೋಗುವಾಗ ನಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಇಲ್ಲದ್ದನ್ನು ತೋರಿಸಿದರು. ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪ್ಸ್ ಅಂತರ ಬಂದರೆ ಸಾಕು, ಅದು ತಟ್ಟನೆ ಬೀಳುತ್ತದೆ. ಜನವರಿಯಲ್ಲೇ ಅದು ಇದ್ದಿದ್ದರೆ ಕಾಕು ಮೊದಲ ದಿನ ಗೀಸರ್ ಹಾಕಿದ ಕ್ಷಣವೇ ನಮ್ಮ ಮನೆ ಕತ್ತಲಾಗಿ ದೋಷ ಗೊತ್ತಾಗುತ್ತಿತ್ತು. ಮಾಲೀಕರಿಗೆ ಫೋನ್ ಮಾಡಿದೆವು. ಅವರು ಒಪ್ಪಿದರು, ಮರುದಿನವೇ ಹಾಕಿಸಿದೆವು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡುತ್ತೇನೆ, ಆಗಲೇ ಮೀಟರಿನ ಒಂದು ಫೋಟೋವನ್ನೂ ತೆಗೆಯುತ್ತೇನೆ.

ಏಪ್ರಿಲ್ ಬಿಲ್ಲಿನಲ್ಲಿ 146 ಯೂನಿಟ್ ಬಂತು. ಅಷ್ಟರಲ್ಲಿ ಫ್ಯಾನ್ ಶುರುವಾಗಿತ್ತು.